ತಾವರೆಯ ಕೆರೆ, ಕ್ಯಾದಗಿಯ ಹಳ್ಳ

ಕುಷ್ಟಗಿ ತಾಲ್ಲೂಕಿನ ಊರುಗಳ ಪಟ್ಟಿಯಲ್ಲಿ ಎರಡು ಹೂಗಳಿವೆ. ಒಂದು ತಾವರಗೇರಾ, ಇನ್ನೊಂದು ಕ್ಯಾದಿಗುಪ್ಪ. ಎರಡೂ ನೀರಿನ ಪಸೆ ಬಿಟ್ಟು ಬದುಕದ ಹೂಗಳು. ತಾವರೆಗೆ ಕೆರೆಯ ಕೆಸರು ಬೇಕು, ಕೇದಗೆಗೆ ಹಳ್ಳದ ದಂಡೆಯ ತಂಪು ಬೇಕು. ಆದರೆ ಈ ಸೀಮೆಯ ಹೆಸರು ಕೇಳಿದವರ ಕಣ್ಣಿಗೆ ಮೊದಲು ಬರುವುದು ಸಜ್ಜೆಯ ಹೊಲ, ಮಸಾರಿ ನೆಲ, ಬಿಸಿಲಿಗೆ ಕಾದ ಬಂಡೆಗುಡ್ಡ. ವರ್ಷಕ್ಕೆ ಸರಾಸರಿ 600 ಮಿಲಿಮೀಟರೂ ಮುಟ್ಟದ ಮಳೆಯ ಜಿಲ್ಲೆ ಕೊಪ್ಪಳ. ಇಂಥ ಕಡೆಯ ಊರುಗಳಿಗೆ ನೀರ ಹೂವಿನ ಹೆಸರು ಬಂದಿದೆ.

ಹೆಸರು ಸುಮ್ಮನೆ ಹುಟ್ಟುವುದಿಲ್ಲ. ಊರಿನ ಹೆಸರನ್ನು ಇಡುವವನು ಕವಿಯಲ್ಲ, ದಾರಿ ಕೇಳುವ ಪರವೂರಿನವನು. 'ತಾವರೆ ಇರೋ ಕೆರೆಯ ಊರು' ಎಂದರೆ ಅವನಿಗೆ ಗುರುತು ಸಿಗಬೇಕು. ಹಾಗೆ ಗುರುತಾಗುವಷ್ಟು ತಾವರೆ ಅಲ್ಲಿ ಇದ್ದಿರಲೇಬೇಕು, ಅದೂ ಒಂದೆರಡು ವರ್ಷವಲ್ಲ, ತಲೆಮಾರುಗಳ ಕಾಲ. ಕರ್ನಾಟಕದ ಗಡಿಯಾಚೆ ಕನ್ನಡ ಎಲ್ಲಿಯವರೆಗೆ ಹರಡಿತ್ತು ಎಂದು ಹುಡುಕಿದ ಶಂ.ಬಾ. ಜೋಶಿಯವರು ಊರಹೆಸರುಗಳನ್ನೇ ಸಾಕ್ಷಿಗೆ ಕರೆದರು. ಭಾಷೆಗೆ ಸಾಕ್ಷಿ ಹೇಳುವ ಹೆಸರು ಹೂವಿಗೂ, ನೀರಿಗೂ ಸಾಕ್ಷಿ ಹೇಳಬಲ್ಲದು.

ಈ ಭಾಗದಲ್ಲಿ 'ಗೇರಾ' ಎಂದು ಮುಗಿಯುವ ಊರುಗಳು ಹೆಜ್ಜೆಹೆಜ್ಜೆಗೂ ಸಿಗುತ್ತವೆ: ತಾವರಗೇರಾ, ತಳುವಗೇರಾ, ಹೂಲಗೇರಾ, ಕೊಪ್ಪಳದ ಪಕ್ಕದ ಗಿಣಿಗೇರಾ. ನೆರೆಯ ರಾಯಚೂರು ಜಿಲ್ಲೆಯಲ್ಲಿ ಕ್ಯಾದಿಗೇರಾ ಕೂಡ ಇದೆ, ಅಂದರೆ ಕೇದಗೆಯ ಕೆರೆ. ಈ ಗೇರಾ ಬೇರೇನಲ್ಲ, ಹಳಗನ್ನಡದ 'ಕೆಱೆ'. ಸಮಾಸದಲ್ಲಿ ಕಕಾರ ಗಕಾರವಾಯಿತು, ಕೆರೆ ಗೆರೆಯಾಯಿತು. ಕೊನೆಯ ಎಕಾರ ಆಕಾರವಾದದ್ದು ಮಾತ್ರ ನಿಜಾಮರ ಕಾಲದ ದಫ್ತರದಲ್ಲಿ ಇರಬೇಕು. 1948ರ ಸೆಪ್ಟೆಂಬರಿನವರೆಗೆ ಈ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಕಾಗದಪತ್ರ ಉರ್ದುವಿನಲ್ಲಿ ನಡೆಯುತ್ತಿತ್ತು. ಹನ್ನೆರಡನೆಯ ಶತಮಾನದಲ್ಲಿ ಸಿಂದ ಅರಸರ ರಾಜಧಾನಿಯಾಗಿದ್ದ ಎರಂಬರಗೆ ಇಂದು ಯಲಬುರ್ಗಾ ಆಗಿ ಕುಳಿತಿದೆ. ಅದರ ಮುಂದೆ ತಾವರೆಗೆರೆ ತಾವರಗೇರಾ ಆದದ್ದು ಸಣ್ಣ ಬದಲಾವಣೆ. ಹೂವು ಹೆಸರಿನೊಳಗೆ ಇನ್ನೂ ಕಾಣುವಷ್ಟು ಉಳಿದಿದೆ.

ಕೆರೆ ಮನುಷ್ಯ ಕಟ್ಟಿದ್ದು, ತಾವರೆ ತಾನಾಗಿ ಬಂದದ್ದು. ಎರಡರ ನಡುವಿನ ಹೊಂದಾಣಿಕೆ ಗಮನಿಸುವಂಥದ್ದು. ಬಯಲುಸೀಮೆಯ ಕೆರೆ ವರ್ಷವಿಡೀ ತುಂಬಿರುವುದಿಲ್ಲ. ಮುಂಗಾರು ಹಿಂಗಾರುಗಳಲ್ಲಿ ಹಳ್ಳದ ನೀರು ಹಿಡಿದು, ಬೇಸಿಗೆಗೆ ತಳ ಕಾಣುತ್ತದೆ. ಹಲವು ನೀರಗಿಡಗಳಿಗೆ ಇದು ಮರಣಶಾಸನ. ತಾವರೆಗೆ ಹಾಗಲ್ಲ. ಅದರ ಗೆಡ್ಡೆ ಕೆಸರಿನಾಳದಲ್ಲಿ ಅಡ್ಡಡ್ಡ ಹರಿದು ಮಲಗಿರುತ್ತದೆ. ಮೇಲಿನ ಎಲೆ ಒಣಗಿದರೂ ಒಳಗಿನ ಹಸಿ ಉಳಿದರೆ ಸಾಕು, ಮುಂದಿನ ನೀರಿಗೆ ಮತ್ತೆ ಎಲೆ ಎತ್ತುತ್ತದೆ. ಬೀಜದ ಕಥೆ ಇದಕ್ಕಿಂತ ದೊಡ್ಡದು. ಚೀನಾದ ಬತ್ತಿದ ಕೆರೆಯೊಂದರ ತಳದಲ್ಲಿ ಸಿಕ್ಕ, ಸುಮಾರು 1300 ವರ್ಷ ಹಳೆಯ ತಾವರೆ ಬೀಜವನ್ನು ವಿಜ್ಞಾನಿಗಳು ಮೊಳಕೆಯೊಡೆಸಿದ್ದಾರೆ. ಅದರ ವರದಿ 1995ರಲ್ಲಿ ಪ್ರಕಟವಾಯಿತು. 1300 ವರ್ಷ ಎಂದರೆ ನಮ್ಮ ಲೆಕ್ಕದಲ್ಲಿ ಬಾದಾಮಿ ಚಾಲುಕ್ಯರ ಕಾಲ.

ನೀರಿನ ನೆಲೆ ಕಟ್ಟುವುದು ಚಾಲುಕ್ಯರ ಕಾಲದ ದೊಡ್ಡ ಪುಣ್ಯ, ದೊಡ್ಡ ಉದ್ಯಮ. ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯ ಇದಕ್ಕೆ ಒಳ್ಳೆಯ ಉದಾಹರಣೆ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಈ ಗುಡಿಯನ್ನು ಅಲ್ಲಿಯ ಶಾಸನ 'ದೇವಾಲಯ ಚಕ್ರವರ್ತಿ' ಎಂದು ಕರೆಯುತ್ತದೆ. ಗುಡಿಯ ಬದಿಗೇ ಮೆಟ್ಟಿಲು ಇಳಿಯುವ ಪುಷ್ಕರಣಿ. ಪುಷ್ಕರ ಎಂದರೂ ತಾವರೆಯೇ, ಪುಷ್ಕರಣಿ ಎಂದರೆ ತಾವರೆಗೊಳ. ಒಳಗೆ ಕತ್ತೆತ್ತಿ ನೋಡಿದರೆ ಭುವನೇಶ್ವರಿಯಲ್ಲಿ ಕಲ್ಲಿನ ತಾವರೆ ಎಸಳೆಸಳಾಗಿ ಬಿಚ್ಚಿಕೊಂಡಿದೆ. ಹೊರಗಿನ ನೀರಿನಲ್ಲಿ ಕಂಡದ್ದನ್ನು ಶಿಲ್ಪಿ ಮಾಡಿಗೆ ಏರಿಸಿದ್ದಾನೆ. ಆ ಕಾಲದ ಗುಡಿಗಳಿಗೆ ಗದ್ದೆ, ಎಣ್ಣೆಗಾಣ ಬಿಟ್ಟಂತೆ ಹೂದೋಟಕ್ಕೂ ಭೂಮಿ ಬಿಡುವುದು ವಾಡಿಕೆ. 'ಪೂದೋಂಟ' ಎಂಬ ಮಾತು ಚಾಲುಕ್ಯರ ಶಾಸನಗಳನ್ನು ಓದುವವರಿಗೆ ತೀರ ಪರಿಚಿತ. ದೇವರ ಹೂವಿಗೆ ಹೀಗೆ ಲೆಕ್ಕವಿತ್ತು, ಅಳತೆಯಿತ್ತು, ನೋಡಿಕೊಳ್ಳುವವರಿದ್ದರು.

ಕೇದಗೆಗೆ ಅಂಥ ಭಾಗ್ಯವಿರಲಿಲ್ಲ. ಅದು ಯಾರೂ ನೆಡದ, ಯಾರೂ ನೀರುಣಿಸದ ಕಾಡುಹೂವು.

ಗಿಡ ನೋಡಲು ಒರಟು. ಕತ್ತಿಯಂಥ ಉದ್ದ ಎಲೆ, ಎರಡೂ ಅಂಚಿಗೆ ಗರಗಸದಂಥ ಮುಳ್ಳು, ನಡುನರಕ್ಕೂ ಮುಳ್ಳು. ಕಾಂಡದಿಂದ ಬಿಳಲುಗಳು ಇಳಿದು ಮಣ್ಣಿಗೆ ಊರುಗೋಲು ಕೊಡುತ್ತವೆ. ಹಳ್ಳಕ್ಕೆ ಮಹಾಪೂರ ಬಂದಾಗ ದಂಡೆ ಕುಸಿಯದಂತೆ ಹಿಡಿಯುವುದು ಈ ಬಿಳಲುಗಳೇ. ಮಳೆಗಾಲದಲ್ಲಿ ಆ ಮುಳ್ಳಿನ ನಡುವಿನಿಂದ ತಿಳಿಹಳದಿ ಎಸಳುಗಳ ಹೂ ಹೊರಡುತ್ತದೆ, ಅದರ ವಾಸನೆ ಗಾಳಿ ಹಿಡಿದು ಹಳ್ಳ ದಾಟುತ್ತದೆ. ಕೇದಗೆಯಲ್ಲಿ ಗಂಡುಗಿಡ ಬೇರೆ, ಹೆಣ್ಣುಗಿಡ ಬೇರೆ. ಕಮ್ಮನೆಯ ಹೂ ಬಿಡುವುದು ಗಂಡು. ಹೆಣ್ಣು ಅನಾನಸಿನಂಥ ಗಟ್ಟಿ ಕಾಯಿ ಬಿಟ್ಟು ಸುಮ್ಮನಿರುತ್ತದೆ.

ಹೆಸರಿನ ಪಯಣವೂ ಸೊಗಸಾದದ್ದು. ಸಂಸ್ಕೃತದ ಕೇತಕಿ ಕನ್ನಡದ ಬಾಯಲ್ಲಿ ಕೇದಗೆಯಾಯಿತು, ಹಳೆಯ ವೈಯಾಕರಣರ ಲೆಕ್ಕದಲ್ಲಿ ಅಚ್ಚ ತದ್ಭವ. ಉತ್ತರ ಕರ್ನಾಟಕದ ಆಡುಮಾತಿಗೆ ಬಂದಾಗ ಅದು ಕ್ಯಾದಗಿ. ಊರ ಹೆಸರಿನೊಳಗೆ ಹೊಕ್ಕು ಇನ್ನಷ್ಟು ಸವೆದು ಕ್ಯಾದಿ. ಗುಪ್ಪ ಎಂದರೆ ಕುಪ್ಪೆ, ಗುಂಪು, ರಾಶಿ; ಕ್ಯಾದಗಿಯ ಮೆಳೆಗೆ ಒಪ್ಪುವ ಮಾತು. ತಾವರೆಯ ಬಗ್ಗೆ ಪಂಡಿತರಲ್ಲಿ ಎರಡು ಮತ. ತಾಮರಸದ ತದ್ಭವ ಎಂದು ಹಳೆಯ ವೈಯಾಕರಣರು, ತಮಿಳಿನ ತಾಮರೈ ಜೊತೆಗಿಟ್ಟು ನೋಡಿ ಮೂಲವೇ ದ್ರಾವಿಡ ಎಂದು ಹೊಸಬರು. ಯಾವುದಾದರೂ ಇರಲಿ, ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸಲು ಹೇಳಿದ ನಾಲ್ಕು ಊರುಗಳಲ್ಲಿ ಕೋಪಣ, ಅಂದರೆ ಇಂದಿನ ಕೊಪ್ಪಳ, ಒಂದು. ಕನ್ನಡದ ತಿರುಳಿನಲ್ಲಿ ಬೆಳೆದ ಹೆಸರುಗಳಿವು.

ತಾವರೆ ದೇವರಿಗೆ, ಕ್ಯಾದಗಿ ಹೆರಳಿಗೆ. ಈ ಪಾಲು ಹೇಗಾಯಿತು ಎಂಬುದಕ್ಕೆ ಪುರಾಣವೊಂದು ಕಾರಣ ಹೇಳುತ್ತದೆ. ಶಿವನ ಜ್ಯೋತಿರ್ಲಿಂಗದ ಆದಿ ಅಂತ್ಯ ಹುಡುಕಲು ವಿಷ್ಣು ಕೆಳಗೆ, ಬ್ರಹ್ಮ ಮೇಲಕ್ಕೆ ಹೊರಟರಂತೆ. ತುದಿ ಕಾಣದ ಬ್ರಹ್ಮ, ಕಂಡೆ ಎಂದು ಸುಳ್ಳು ಹೇಳಿದ. ಕೇತಕಿ ಅದಕ್ಕೆ ಸಾಕ್ಷಿ ನುಡಿಯಿತು. ಶಿವ ಕೆರಳಿ, ನನ್ನ ಪೂಜೆಗೆ ನೀನು ಸಲ್ಲದಿರು ಎಂದ. ಕೊಪ್ಪಳದ ಸೀಮೆಯಲ್ಲಿ ಊರಿಗೊಂದು ಈಶ್ವರನ ಗುಡಿ, ಮನೆಮನೆಯಲ್ಲಿ ಲಿಂಗಪೂಜೆ. ಶಿವ ಬೇಡವೆಂದ ಹೂವಿಗೆ ಇಲ್ಲಿ ಗುಡಿಯ ಬಾಗಿಲು ಮುಚ್ಚಿತು. ಅದರ ಫಲವಾಗಿಯೇ ಇರಬೇಕು, ಕೇದಗೆ ಇಲ್ಲಿ ಹೆಂಗಸರ ಹೂವಾಯಿತು. ದೇವರ ಪಾಲಿಲ್ಲದ್ದರಿಂದ ಅದನ್ನು ಮುಡಿಯಲು ಯಾವ ಸಂಕೋಚವೂ ಇರಲಿಲ್ಲ.

ಊರಿಗೆ ಹೂವು ಪತ್ರಿ ಒದಗಿಸುವ ಕಾಯಕ ಹೂಗಾರರದು. ಜೀರ, ಗುರವ ಎಂಬ ಹೆಸರುಗಳೂ ಇವರಿಗುಂಟು. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೂಗಾರ ಮಾದಯ್ಯನವರ ಹೆಸರು ಬರುತ್ತದೆ, ಕಾಯಕ ಅಷ್ಟು ಹಳೆಯದು. ಬೆಳಗಿನ ಜಾವ ಎದ್ದು ಬಿಲ್ವಪತ್ರಿ, ಕಣಗಿಲೆ, ಸಿಕ್ಕ ಹೂವನ್ನೆಲ್ಲ ಕಿತ್ತು ಬುಟ್ಟಿಗೆ ತುಂಬಿ ಮನೆಮನೆಗೆ ಹಂಚುವುದು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯದ ಕಾಳು ತರುವುದು. ದುಡ್ಡಿನ ಲೆಕ್ಕ ಅಲ್ಲಿರಲಿಲ್ಲ. ಹೂವಿನ ಮೂಲ ಊರ ಸುತ್ತಲಿನ ಹಿತ್ತಲು, ಬಾವಿಯ ಕಟ್ಟೆ, ಕೆರೆ, ಹಳ್ಳ. ಯಾವ ಮಡುವಿನಲ್ಲಿ ಯಾವ ತಿಂಗಳು ಏನು ಅರಳುತ್ತದೆ ಎಂಬ ತಿಳಿವಳಿಕೆ ಈ ಮನೆತನಗಳ ಆಸ್ತಿ. ಬರವಣಿಗೆಗೆ ಬಾರದೆ ಉಳಿದ ಆ ಸಸ್ಯಜ್ಞಾನದ ಬಗ್ಗೆ ಮರುಕ ಹುಟ್ಟದಿರದು. ಇಂದು ಹೂ ಬರುವುದು ಪೇಟೆಯಿಂದ, ತೂಕದ ಲೆಕ್ಕದಲ್ಲಿ: ಸೇವಂತಿಗೆ, ಚೆಂಡುಹೂ, ಸುಗಂಧರಾಜ. ಅದರಲ್ಲಿ ಚೆಂಡುಹೂವೂ ಸುಗಂಧರಾಜವೂ ಮೆಕ್ಸಿಕೊ ಮೂಲದವು, ಕಡಲು ದಾಟಿ ಬಂದವು.

ಕ್ಯಾದಗಿ ಮುಡಿಯುವುದು ಸುಲಭದ ಕೆಲಸವಲ್ಲ. ಮೊದಲು ಮುಳ್ಳು ತೆಗೆಯಬೇಕು. ಎಸಳನ್ನು ಸೀಳಿ, ಅಗಲಕ್ಕೆ ತಕ್ಕಂತೆ ಮಡಿಸಿ, ಹೆರಳಿನ ಉದ್ದಕ್ಕೂ ಒಂದರ ಮೇಲೊಂದು ಇಟ್ಟು ಹೊಲಿಯಬೇಕು. ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು, ಕುಬಸಕ್ಕೆ ಕುಳಿತ ಬಸುರಿ, ಮೊದಲ ಸಲ ಸೀರೆಯುಟ್ಟ ಹುಡುಗಿ: ಇವರೆಲ್ಲರ ಬೆನ್ನ ಮೇಲೆ ಅದು ಹೊನ್ನಿನ ಪಟ್ಟಿಯಂತೆ ಇಳಿಯುತ್ತಿತ್ತು. ಬಾಡಿದ ಮೇಲೂ ಬಿಸಾಡುವ ಹೂವಲ್ಲ. ಒಣಗಿದ ಎಸಳು ಟ್ರಂಕಿನಲ್ಲಿ ಸೀರೆಗಳ ಮಡಿಕೆಗೆ ಹೋಗುತ್ತಿತ್ತು, ಮುಂದಿನ ಹಬ್ಬಕ್ಕೆ ಸೀರೆ ಬಿಚ್ಚಿದಾಗ ಕಳೆದ ಶ್ರಾವಣದ ವಾಸನೆ ಬರುತ್ತಿತ್ತು. ಹೂ ಸಿಗದ ಕಾಲಕ್ಕೂ ಒಂದು ಉಪಾಯವಿತ್ತು. ಅಕ್ಕಸಾಲಿಗರು ಅದನ್ನೇ ಬಂಗಾರದಲ್ಲಿ ಮಾಡಿಕೊಟ್ಟರು. ರಾಗಟಿ, ನಾಗರ, ಚೌರಿಗಳ ಸಾಲಿನಲ್ಲಿ ಕ್ಯಾದಗಿ ಎಂಬ ತಲೆಯೊಡವೆಯೂ ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿದೆ. ಅದನ್ನು ಇಟ್ಟುಕೊಂಡವರಲ್ಲಿ ಈಗ ಎಷ್ಟೋ ಮಂದಿ ನಿಜದ ಹೂವನ್ನು ಕೈಯಲ್ಲಿ ಹಿಡಿದವರಲ್ಲ.

ನಾಗರಹಾವು ಕ್ಯಾದಗಿಯ ವಾಸನೆಗೆ ಬರುತ್ತದೆ ಎಂಬ ನಂಬಿಕೆ ನಾಡಿನ ಉದ್ದಗಲಕ್ಕೂ ಇದೆ. ದಟ್ಟ ಮುಳ್ಳಿನ ಮೆಳೆ, ಬುಡದಲ್ಲಿ ತಂಪು, ಸುತ್ತ ಕಪ್ಪೆ ಇಲಿಗಳು: ಹಾವು ಅಲ್ಲಿರಲು ಇಷ್ಟು ಸಾಕು. ಹೂ ಕೀಳಲು ಹೋಗುವವರು ಉದ್ದ ಕೋಲಿನಿಂದ ಮೆಳೆ ಬಡಿದು ಸದ್ದು ಮಾಡಿಯೇ ಕೈ ಹಾಕಬೇಕಿತ್ತು. ಕರಾವಳಿಯಲ್ಲಿ ಈ ನಂಟು ಪೂಜೆಯಾಗಿಯೇ ಬೆಳೆದಿದೆ. ನಾಗರಪಂಚಮಿಯ ಹಿಂದಿನ ದಿನ ಮಂಗಳೂರು, ಉಡುಪಿಗಳ ಪೇಟೆಯಲ್ಲಿ ಸಿಂಗಾರದ ಜೊತೆ ಕೇದಗೆಯೂ ಮಾರಾಟಕ್ಕೆ ಕೂರುತ್ತದೆ, ನಾಗನ ಕಲ್ಲಿಗೆ ಅದು ಬೇಕೇ ಬೇಕು.

ಕಲ್ಯಾಣ ಚಾಲುಕ್ಯರ ಆಸ್ಥಾನಗಳಲ್ಲಿ ಹೂವು, ಗಂಧ ಎರಡೂ ಶಾಸ್ತ್ರವಾಗಿದ್ದವು. ಸುಮಾರು 1025ರಲ್ಲಿ ಚಾವುಂಡರಾಯ ಕನ್ನಡದಲ್ಲಿ ಬರೆದ ಲೋಕೋಪಕಾರದಲ್ಲಿ ಅಂತರ್ಜಲ ಹುಡುಕುವ ವಿದ್ಯೆಯೂ ಇದೆ, ಗಿಡಮರಗಳ ಆರೈಕೆಯೂ ಇದೆ, ಸುಗಂಧ ತಯಾರಿಕೆಯೂ ಇದೆ. ನೀರು, ಗಿಡ, ಪರಿಮಳ ಒಂದೇ ಹೊತ್ತಗೆಯೊಳಗೆ ಬಂದದ್ದು ಬಯಲುಸೀಮೆಯ ಬದುಕಿಗೆ ಸಹಜ. ಮುಂದಿನ ಶತಮಾನದಲ್ಲಿ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಅರಸನ ಸುಖಗಳನ್ನು ವಿಂಗಡಿಸುವಾಗ ಹೂಮಾಲೆಗೇ ಬೇರೆ ಭಾಗವಿಟ್ಟ.

ಹೂವಿನ ದೊಡ್ಡ ಪೇಟೆ ಹುಟ್ಟಿದ್ದು ತುಂಗಭದ್ರೆಯ ಆ ದಂಡೆಯಲ್ಲಿ, ವಿಜಯನಗರದಲ್ಲಿ. 1443ರಲ್ಲಿ ಪರ್ಷಿಯಾದ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕ್ ಅಲ್ಲಿ ಎಲ್ಲೆಲ್ಲೂ ಗುಲಾಬಿ ಮಾರುವುದನ್ನು ಕಂಡು, ಈ ಜನಕ್ಕೆ ಊಟದಷ್ಟೇ ಹೂವೂ ಅಗತ್ಯ ಎಂಬರ್ಥದ ಮಾತು ಬರೆದಿದ್ದಾನೆ. ಆ ಬೇಡಿಕೆಯ ಹಿಂದೆ ಕಾಲುವೆಗಳಿದ್ದವು. ನದಿಗೆ ಅಡ್ಡಲಾಗಿ ಕಲ್ಲಿನ ಒಡ್ಡು ಹಾಕಿ ಎಡದಂಡೆಗೆ ತಿರುಗಿಸಿದ ಹುಲಿಗಿ, ಶಿವಪುರ, ಆನೆಗೊಂದಿ ಕಾಲುವೆಗಳು, ಗಂಗಾವತಿಯ ಮೇಲಿನ ಮತ್ತು ಕೆಳಗಿನ ಕಾಲುವೆಗಳು ಇಂದೂ ಹೊಲ ತೋಯಿಸುತ್ತಿವೆ.

ಇಲ್ಲಿ ಒಂದು ಜನಪ್ರಿಯ ಕಥೆಯನ್ನು ಪರೀಕ್ಷಿಸಿ ನೋಡಬೇಕು. ನದಿಯ ಮೇಲ್ಭಾಗದ ಹೂವಿನಹಡಗಲಿಯಿಂದ ವಿಜಯನಗರಕ್ಕೆ ಹಡಗಿನಲ್ಲಿ ಹೂ ಹೋಗುತ್ತಿತ್ತು, ಅದಕ್ಕೇ ಆ ಹೆಸರು ಎಂದು ಎಲ್ಲರೂ ಹೇಳುತ್ತಾರೆ. ಆದರೆ ವಿಜಯನಗರ ಹುಟ್ಟುವುದಕ್ಕೂ ಮೊದಲೇ, ಚಾಲುಕ್ಯರ ಕಾಲದ ಶಾಸನಗಳಲ್ಲಿ ಆ ಊರು ಪೂವಿನ ಪೊಸವಡಂಗಿಲೆ. ವಿಜಯನಗರಕ್ಕೆ ಹೋದ ಹಡಗಿನಿಂದ ಆ ಹೆಸರು ಬಂದಿರಲಾರದು, ವಡಂಗಿಲೆ ಸವೆದು ಹಡಗಲಿಯಾಯಿತು. ಹೂವು ಮಾತ್ರ ಮೊದಲಿನಿಂದಲೂ ಇತ್ತು. ರಾಜಧಾನಿ ಬಂದು ಹೂವಿನ ನಾಡನ್ನು ಸೃಷ್ಟಿಸಲಿಲ್ಲ, ಹೂವಿನ ನಾಡಿನ ನಡುವೆ ರಾಜಧಾನಿ ಬಂತು.

ಅದಕ್ಕಿಂತ ಹಿಂದಿನ ನೆನಪು ಆನೆಗೊಂದಿ ಬಳಿಯ ಪಂಪಾಸರೋವರದ್ದು. ಮಾನಸ, ಬಿಂದು, ನಾರಾಯಣ, ಪುಷ್ಕರಗಳ ಜೊತೆ ಪಂಚಸರೋವರಗಳಲ್ಲಿ ಒಂದೆಂದು ಇದನ್ನು ಎಣಿಸುತ್ತಾರೆ. ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾಕಾಂಡ ತೆರೆಯುವುದೇ ಪಂಪೆಯ ದಂಡೆಯ ಮೇಲೆ, ಸೀತೆಯನ್ನು ಕಳೆದುಕೊಂಡ ರಾಮನ ಅಳಲಿನೊಂದಿಗೆ. ಅಲ್ಲಿ ಅವನ ಕಣ್ಣಿಗೆ ಬೀಳುವ ಹೂಗಳಲ್ಲಿ ತಾವರೆಯೂ ಇದೆ, ಕೇತಕಿಯೂ ಇದೆ. ಕುಷ್ಟಗಿ ತಾಲ್ಲೂಕಿನ ಎರಡು ಊರುಗಳ ಹೆಸರಿನ ಹೂಗಳು ಹೀಗೆ ಒಂದೇ ಸರ್ಗದಲ್ಲಿ ಸೇರಿವೆ.

ಈ ಹೂಗಳು ಕಡಿಮೆಯಾದ ಬಗೆ ಎಲ್ಲೆಡೆ ಒಂದೇ ಅಲ್ಲ. ಕುಷ್ಟಗಿ, ಯಲಬುರ್ಗಾಗಳಲ್ಲಿ ಅವು ನೀರಿಲ್ಲದೆ ಸೋತವು. ಕೆರೆಯನ್ನು ನಂಬಿದ ಬೇಸಾಯ ಬೋರ್‌ವೆಲ್‌ಗೆ ತಿರುಗಿದ ಮೇಲೆ ಕೆರೆಯ ಹೂಳು ಎತ್ತುವವರಿಲ್ಲವಾದರು. ಹೂಳು ಏರಿದ ಕೆರೆಯಲ್ಲಿ ನೀರು ತೆಳುವಾಗಿ ಹರಡಿ ಬೇಗ ಆರಿತು, ಗೆಡ್ಡೆ ಕಾಯುವ ಹಸಿಯೂ ಉಳಿಯಲಿಲ್ಲ. ಬರಿದಾದ ಕೆರೆಯಂಗಳಕ್ಕೆ, ಹಳ್ಳದ ದಂಡೆಗೆ ಬಳ್ಳಾರಿ ಜಾಲಿ ನುಗ್ಗಿತು. ಅಮೆರಿಕ ಖಂಡದ ಈ ಗಿಡ ಭಾರತಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ. ಒಣನೆಲಕ್ಕೆ ಹಸಿರಾಗಲಿ, ಉರುವಲಾಗಲಿ ಎಂದು ತಂದದ್ದು ಹಳ್ಳವನ್ನೇ ನುಂಗಿತು. ಹಳ್ಳದ ಮರಳು ಲಾರಿ ಏರಿದಾಗ ದಂಡೆಯ ಬುಡವೂ ಅದರ ಜೊತೆ ಹೋಯಿತು.

ಗಂಗಾವತಿಯಲ್ಲಿ ಆದದ್ದು ತಿರುವುಮುರುವು. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಹರಿಯತೊಡಗಿ, ಎಡದಂಡೆ ಕಾಲುವೆ ಈ ತಾಲ್ಲೂಕನ್ನು ಭತ್ತದ ಕಣಜ ಮಾಡಿತು. ನೀರು ಬೇಕಾದಷ್ಟು ಬಂತು. ಆದರೆ ಗದ್ದೆ ಹಳ್ಳದ ಅಂಚಿನವರೆಗೂ ಬಂತು, ಕ್ಯಾದಗಿ ನಿಲ್ಲುವ ಮುಳ್ಳಿನ ಪಟ್ಟಿಗೆ ಜಾಗ ಉಳಿಯಲಿಲ್ಲ. ಗದ್ದೆಯ ಬಸಿನೀರು ಗೊಬ್ಬರದ ಸಾರವನ್ನು ಹೊತ್ತು ಹಳ್ಳಕ್ಕೆ ಇಳಿಯಿತು. ಅದನ್ನುಂಡು ಕೊಬ್ಬಿದ್ದು ಆಪು ಮತ್ತು ನೀರ ಮೇಲೆ ತೇಲುವ ಜಲಕಳೆ. ತಾವರೆಗೆ ಬೇಕಾದ ಬಿಸಿಲನ್ನು ಅವು ಮೇಲೆಯೇ ತಡೆದವು. ನೀರಿನ ಬರ ಮಾತ್ರ ಹೂವನ್ನು ಕೊಲ್ಲುತ್ತದೆ ಎಂದುಕೊಂಡವರು ಗಂಗಾವತಿಯ ಹಳ್ಳಗಳನ್ನು ಒಮ್ಮೆ ನೋಡಬೇಕು.

ಕೇದಗೆಯನ್ನು ಉಳಿಸಿಕೊಂಡವರೂ ಇದ್ದಾರೆ. ಒಡಿಶಾದ ಗಂಜಾಂ ಜಿಲ್ಲೆಯಲ್ಲಿ ಹೊಲದ ಬದುವಿಗೆ, ಹಳ್ಳದಂಡೆಗೆ ಅದೇ ಬೇಲಿ. ಮಳೆಗಾಲದಲ್ಲಿ ಗಂಡುಹೂವನ್ನು ಕಿತ್ತು, ತಾಮ್ರದ ಹಂಡೆಗಳಲ್ಲಿ ನೀರಿನೊಂದಿಗೆ ಬೇಯಿಸಿ, ಆ ಆವಿಯಿಂದ ಕೇವಡಾ ಅತ್ತರು, ಕೇವಡಾ ನೀರು ತೆಗೆಯುತ್ತಾರೆ. ಬಿರಿಯಾನಿಗೆ, ಸಿಹಿತಿಂಡಿಗೆ ದೇಶದೆಲ್ಲೆಡೆ ಚಿಮುಕಿಸುವ ನೀರು ಇದು. ಗಂಜಾಮಿನ ಕೇವಡಾ ಹೂವಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿದೆ. ಕೊಪ್ಪಳದ ಕ್ಯಾದಗಿಗೆ ಅಂಥ ಪೇಟೆ ಹುಟ್ಟಲಿಲ್ಲ. ಹೆರಳು ಹಾಕುವ ರೂಢಿ ಸಡಿಲಿದಂತೆ ಅದನ್ನು ಕೇಳುವವರೇ ಇಲ್ಲವಾದರು.

2019ರಲ್ಲಿ ಕೊಪ್ಪಳದಲ್ಲಿ ನಡೆದ ಒಂದು ಕೆಲಸ ಈ ಕಥೆಗೆ ಬೇರೆ ತಿರುವು ಕೊಡಬಲ್ಲದು. ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಹಿರೇಹಳ್ಳಕ್ಕೆ ಇಳಿದರು. ಜಾಲಿ, ಆಪು, ಕಸ ತುಂಬಿ ಹೂತುಹೋಗಿದ್ದ ಹಳ್ಳವನ್ನು ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರ ಸ್ವಚ್ಛ ಮಾಡಿದರು. ಕುಷ್ಟಗಿ ಬಳಿಯ ನಿಡಶೇಸಿ ಕೆರೆಯ ಹೂಳನ್ನೂ ಜನರೇ ಮುಂದೆ ನಿಂತು ಎತ್ತಿದರು. ಸರ್ಕಾರದ ದಾರಿ ಕಾಯದೆ ಊರು ತನ್ನ ನೀರನ್ನು ತಾನೇ ಹುಡುಕಿಕೊಂಡ ಅಪರೂಪದ ಸಂದರ್ಭ ಅದು.

ಹಳ್ಳ ತೆರೆದ ಮೇಲೆ ದಂಡೆ ಬರಿದಾಗಿ ಉಳಿದರೆ ಜಾಲಿ ಮತ್ತೆ ಬರುತ್ತದೆ. ಆ ಜಾಗಕ್ಕೆ ಹಳೆಯ ಒಡೆಯನನ್ನೇ ಕರೆತರುವುದು ಕಷ್ಟವಲ್ಲ. ಕ್ಯಾದಗಿ ಬೀಜಕ್ಕೆ ಕಾಯುವುದಿಲ್ಲ, ಬುಡದಲ್ಲಿ ಒಡೆದ ಕಂದನ್ನು ಮಳೆಗಾಲದಲ್ಲಿ ಊರಿದರೆ ಹಿಡಿಯುತ್ತದೆ. ಹೂ ಬೇಕೆಂದರೆ ಗಂಡುಗಿಡದ ಕಂದು ತರಬೇಕು, ಅಷ್ಟೇ ಎಚ್ಚರ. ತಾವರೆಗೆ ಇನ್ನೂ ಕಡಿಮೆ ಶ್ರಮ. ಕೆರೆಯ ಹೂಳು ಎತ್ತುವ ಊರಿನವರು, ಅದರಲ್ಲೂ ತಾವರಗೇರಾದವರು, ಜೆಸಿಬಿಯ ಬಕೆಟ್ಟಿನಲ್ಲಿ ಉದ್ದುದ್ದ ಗಂಟುಗಂಟಾದ ಗೆಡ್ಡೆಯೋ, ಗೋಲಿಯಂಥ ಕರಿ ಬೀಜವೋ ಕಂಡರೆ ಅದನ್ನು ಹೊಲದ ಗೊಬ್ಬರಕ್ಕೆ ಸಾಗಿಸಬೇಡಿ. ಕೆರೆಯ ಒಂದು ಆಳದ ಮೂಲೆಯಲ್ಲಿ ಮರಳಿ ಹೂತುಬಿಡಿ, ಮಳೆ ಬರುವವರೆಗೆ ಅಲ್ಲಿಗೆ ಟ್ರ್ಯಾಕ್ಟರ್ ಇಳಿಸಬೇಡಿ.